ಬೆರಳಗಲದ ದೂರಕ್ಕೆ ವಿಮಾನ

"ಈ ಊರಿಗೆ ಕಾಗದ ಮುಟ್ಟಬೇಕಂದ್ರ ಎಷ್ಟು ದಿನ ಬೇಕ್ರಿ?"

ಕಿಟಕಿಯ ಸರಳುಗಳ ನಡುವಿನಿಂದ ಒಂದು ದಪ್ಪ ಲಕೋಟೆ ಒಳಗೆ ತೂರಿ ಬಂತು. ಅದನ್ನು ಹಿಡಿದಿದ್ದ ಕೈ ಮೊಣಕೈವರೆಗೂ ಸಿಮೆಂಟಿನ ಬೂದಿಯಲ್ಲಿ ಮಿಂದಿತ್ತು. ಲಕೋಟೆಯ ಮೇಲೂ ಐದು ಬೆರಳಿನ ಗುರುತು!

ವಾಡಿ ಪೋಸ್ಟ್ ಆಫೀಸಿನ ಚಂದಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳು ತಲೆ ಕೂಡ ಎತ್ತಲಿಲ್ಲ.

"ಮೊದಲು ಕೈ ತೊಳಕೊಂಡು ಬರ್ರಿ. ಇದು ಪೋಸ್ಟ್ ಆಫೀಸು, ನಿಮ್ಮ ಕಾರ್ಖಾನಿ ಗೋದಾಮಲ್ಲ."

"ತೊಳಕೊಂಡೇ ಬಂದೀನ್ರಿ. ವಾಡ್ಯಾಗ ನಳದಾಗೂ ಸಿಮೆಂಟೇ ಬರ್ತದ, ಏನ್ ಮಾಡ್ಲಿ?"

ಆಗ ತಲೆ ಎತ್ತಿದಳು. ಎತ್ತಬಾರದಿತ್ತು!

ಬೂದಿ ಬಡಿದ ಮುಖ, ಬೂದಿ ಹುಬ್ಬು, ಬೂದಿ ಮೀಸೆ... ಅದರ ನಡುವೆ ಎರಡು ಕಣ್ಣು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ನಗುತ್ತಿದ್ದವು. ಚಂದಮ್ಮನ ಎದೆ ಒಂದು ಕ್ಷಣ ಬಡಿಯುವುದನ್ನೇ ಮರೆಯಿತು. ಅದಕ್ಕೇ ಅವಳ ಸಿಟ್ಟು ಇನ್ನೂ ಜಾಸ್ತಿಯಾಯಿತು.

ವಿಳಾಸ ನೋಡಿದಳು. ಆಲ್ಬೋರ್ಗ್, ಡೆನ್ಮಾರ್ಕ್. ಎರಡು ವರ್ಷದ ನೌಕರಿಯಲ್ಲಿ ಕೇಳರಿಯದ ಊರು.

"ಹದಿನೈದು ದಿನ. ತೂಕ ಜಾಸ್ತಿ ಅದ, ಇನ್ನೊಂದು ಟಿಕೀಟು ಹಚ್ಚಬೇಕು."

"ಕಾರ್ಡ್ ಬರೆದಿದ್ರ ಹಗುರ ಆಗ್ತಿತ್ತೇನ್ರಿ?"

"ಆಗ್ತಿತ್ತು."

"ಆದ್ರ ಕಾರ್ಡ್ ಬರೆದ್ರ ಪೋಸ್ಟಿನೋರು ಓದ್ತಾರಂತಲ್ರಿ?"

ಅಷ್ಟೇ ಸಾಕಾಯಿತು! ಚಂದಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

"ಮಂದಿ ಕಾರ್ಡ್ ಓದೋ ಚಟ ನಮ್ಮ ಮನಿತನಕ್ಕೇ ಇಲ್ಲ! ದಿನಾ ನೂರು ಕಾರ್ಡಿಗೆ ಠಸ್ಸೆ ಹೊಡಿತೀನಿ, ಒಂದು ಅಕ್ಷರದ ಮ್ಯಾಲೆ ಕಣ್ಣು ಹಾಯಿಸಿಲ್ಲ. ಮುಂದೂ ಹಾಯಿಸಂಗಿಲ್ಲ. ಬರೆದಿಟ್ಕೋರಿ!"

ಲಕೋಟೆಯ ಮೇಲೆ ಠಸ್ಸೆ 'ಠಪ್' ಎಂದು ಬಿತ್ತು. ಪಕ್ಕದ ಮೇಜಿನ ಪೋಸ್ಟ್‌ಮಾಸ್ತರು ಬೆಚ್ಚಿ ಕನ್ನಡಕ ಸರಿಮಾಡಿಕೊಂಡರು.

ಅವನು ಮಾತ್ರ ಬೂದಿ ಬೆರಳಿನಿಂದ ತನ್ನ ಅಂಗೈ ಮೇಲೆ ಬರೆದುಕೊಳ್ಳುವ ಹಾಗೆ ಮಾಡಿದ.

"ಬರಕೊಂಡೆ ನೋಡ್ರಿ. ಕಾರ್ಡ್ ಓದದ ಹುಡುಗಿ."

---

ಅದು ಎಪ್ಪತ್ತನಾಲ್ಕರ ಬೇಸಿಗೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ; ಅರ್ಧ ಜನ ವಿಳಾಸದಲ್ಲಿ ಮೈಸೂರು ರಾಜ್ಯ ಎಂದೇ ಬರೆಯುತ್ತಿದ್ದರು.

ಅವನ ಹೆಸರು ಸಾಯಬಣ್ಣ. ಭೀಮೆಯ ದಂಡೆಯ ಸನ್ನತಿಯವನು, ಸಿಮೆಂಟು ಕಾರ್ಖಾನೆಯಲ್ಲಿ ಕಲ್ಲು ಸುಡುವ ಭಟ್ಟಿಯ ಮಿಸ್ತ್ರಿ. ಕಾರ್ಖಾನೆಗೆ ಹೊಸ ಭಟ್ಟಿ ಡೆನ್ಮಾರ್ಕಿನಿಂದ ಬರುವುದಿತ್ತು. ಅದನ್ನು ಕಲಿತು ಬರಲು ಒಬ್ಬನನ್ನು ಕಳಿಸಬೇಕಾಗಿ ಬಂದಾಗ ಸಾಹೇಬರು ಇವನತ್ತ ಬೆರಳು ಮಾಡಿದ್ದರು.

ಆಮೇಲೆ ಅವನಿಗೆ ದಿನ ಬಿಟ್ಟು ದಿನ ಪೋಸ್ಟಿನ ಕೆಲಸ! ಒಂದು ಟಿಕೀಟು ಬೇಕು ಅಂತ ಬರುವನು, ಟಿಕೀಟು ಮರೆತು ಹೋಗುವನು.

"ನಮ್ಮೂರ ದೇವಿ ಚಂದ್ರಲಾಂಬೆ. ನೀವು ಚಂದಮ್ಮ. ಅದಕ್ಕ ಬರಾಕತ್ತೀನ್ರಿ, ದರ್ಶನಕ್ಕ."

"ದೇವಿಗೆ ಕಾಯಿ ಒಡೀತಾರ. ಇಲ್ಲಿ ಬಂದು ನನ್ನ ತಲಿ ಒಡೀಬ್ಯಾಡ್ರಿ," ಎನ್ನುವಳು. ಅವನು ಬಾರದ ದಿನ ಮಾತ್ರ ಕಿಟಕಿಯಾಚೆ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಳ್ಳುವಳು.

ಮಳೆಗಾಲದ ಹೊತ್ತಿಗೆ ಮಾತು ಮನೆಗೆ ಮುಟ್ಟಿತು. ಚಂದಮ್ಮನ ಅಪ್ಪ ಶರಣಬಸಪ್ಪ ಮೂವತ್ತು ವರ್ಷ ರೈಲ್ವೆಯಲ್ಲಿ ದುಡಿದವನು. ನಿವೃತ್ತಿಯಾದರೂ ಜೇಬಿನ ಗಡಿಯಾರ ನಿವೃತ್ತಿಯಾಗಿರಲಿಲ್ಲ. ಉಣ್ಣುವುದಕ್ಕೆ, ಏಳುವುದಕ್ಕೆ, ಸಿಟ್ಟು ಮಾಡುವುದಕ್ಕೆ ಕೂಡ ಅವನಿಗೆ ಟೈಮು ಬೇಕು.

"ಹುಡುಗ ಛಲೋ ಇದ್ದಾನ, ಇಲ್ಲ ಅನ್ನಂಗಿಲ್ಲ. ಆದ್ರ ಕಡಲು ದಾಟಿ ಹೋದಾಂವ ತಿರುಗಿ ಬರ್ತಾನಂತ ಯಾರು ಹೇಳಬೇಕು? ಸೇಡಂನಿಂದ ಫರ್ಸಿ ಕಲ್ಲಿನ ವ್ಯಾಪಾರದೋರು ಎರಡು ಸಲ ಕೇಳ್ಯಾರ," ಎಂದ.

ಆಮೇಲೆ ಗಡಿಯಾರ ತೆಗೆದು, ಮುಚ್ಚಿ, ಸಾಯಬಣ್ಣನಿಗೆ ಹೇಳಿದ. "ಎಳ್ಳಮಾವಾಸಿ ದಿನ ನಮ್ಮ ಹೊಲದಾಗ ಊಟಕ್ಕ ಕುಂದ್ರೋ ಹೊತ್ತಿಗೆ ನೀ ಇರಬೇಕು. ಇದ್ದಿ, ಮದಿವಿ ಮಾತು. ಇರಲಿಲ್ಲ, ಸೇಡಂನೋರಿಗೆ ಹೂಂ ಅಂತೀನಿ."

ನಮ್ಮ ಕಡೆ ಎಳ್ಳಮಾವಾಸ್ಯೆಯೆಂದರೆ ಸುಮ್ಮನೆ ಹಬ್ಬವಲ್ಲ. ಎದೆಮಟ್ಟ ಬೆಳೆದ ಜೋಳದ ನಡುವೆ ಇಡೀ ಮನೆ ಹೋಗಿ, ಭೂಮಿತಾಯಿಗೆ ಎಡೆ ಇಟ್ಟು, ಹೊಲದ ತುಂಬ ಆ ಎಡೆಯನ್ನೇ ಚರಗವೆಂದು ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ಅವತ್ತು ಆ ಎಲೆಗೆ ಕೂತವನು ಮನೆಯವನೇ.

"ಬರ್ತೀನಿ ಮಾವಾ," ಎಂದ ಸಾಯಬಣ್ಣ. ಮಾವ ಎಂದು ಆಗಲೇ ಕರೆದುಬಿಟ್ಟಿದ್ದ!

---

ಆಗಸ್ಟಿನಲ್ಲಿ ಹೋದ. ಹದಿನೈದು ದಿನಕ್ಕೊಂದು ಕಾಗದ ಬಂತು. ಚಂದಮ್ಮ ತನ್ನ ಕಾಗದಕ್ಕೆ ತಾನೇ ಠಸ್ಸೆ ಹೊಡೆದು, ತಾನೇ ಒಯ್ದು, ಬಾಗಿಲು ಹಾಕಿಕೊಂಡು ಓದುವಳು.

ಮೊದಲ ಕಾಗದದಲ್ಲಿ ಚಳಿ, ಬ್ರೆಡ್ಡು, ಭಟ್ಟಿ ಇದ್ದವು. ಎರಡನೆಯದರಲ್ಲಿ ಕಾರಿನ್ ಬಂದಳು.

'ಇಲ್ಲಿ ಆಫೀಸಿನಾಗ ಕಾರಿನ್ ಅಂತ ಒಬ್ಬಾಕಿ ಇದ್ದಾಳ. ಭಾಳ ಒಳ್ಳೇಕಿ. ನನಗ ಚಳಿ ಅಂತ ತನ್ನ ಅಣ್ಣನ ಉಲ್ಲನ್ ಕೋಟು ತಂದುಕೊಟ್ಟಾಳ.'

ಒಳ್ಳೇಕಿ ಅನ್ನೋದು ಸರಿ. ಆ 'ಭಾಳ' ಯಾಕ ಬೇಕಿತ್ತು?

ಮೂರನೆಯ ಕಾಗದದಲ್ಲಿ ಕಾರಿನ್ ಮೂರು ಸಲ ಬಂದಳು. ಚಂದಮ್ಮ ಎಣಿಸಿದಳು. ತನ್ನ ಹೆಸರು ಎರಡೇ ಸಲ!

ನಾಲ್ಕನೆಯದರ ಜೊತೆ ಫೋಟೋ. ಹನ್ನೆರಡು ಗಂಡಸರ ನಡುವೆ ಒಬ್ಬಳೇ ಹೆಣ್ಣು, ಅದೂ ಸರಿಯಾಗಿ ಸಾಯಬಣ್ಣನ ಮಗ್ಗುಲಿಗೆ. ಕುದುರೆಯಂಥ ಎತ್ತರ, ಬಿಚ್ಚಿದ ಕೂದಲು, ಹಲ್ಲೆಲ್ಲ ಕಾಣುವ ನಗು. ಚಂದಮ್ಮ ಫೋಟೋದ ಆ ಅರ್ಧವನ್ನು ಹೆಬ್ಬೆರಳಿನಿಂದ ಮುಚ್ಚಿ ಸಾಯಬಣ್ಣನನ್ನಷ್ಟೇ ನೋಡುವಳು. ಬೆರಳು ತೆಗೆದರೆ ಸಾಕು, ಅವಳು ಅಲ್ಲೇ ಇರುವಳು!

'ನಗೋದು ನೋಡು ಇವನೂ! ಇಲ್ಲಿ ಬೂದಿ ಬಡಕೊಂಡು ತಿರುಗಾಂವ, ಅಲ್ಲಿ ಹೋಗಿ ಕೋಟು ಹಾಕ್ಕೊಂಡು ಹೀರೋ ಆಗ್ಯಾನ...'

ನವೆಂಬರಿನಲ್ಲಿ ಅವನನ್ನು ಜರ್ಮನಿಯ ಬ್ರೆಮೆನ್ ಎಂಬ ಊರಿಗೆ ಹಾಕಿದರು. ಉಳಿದ ಕೆಲಸ ಅಲ್ಲಿ ಕಲಿಯಬೇಕು. ಕಾರಿನ್ ಆಲ್ಬೋರ್ಗ್‌ನಲ್ಲೇ ಉಳಿದಳು. ಆ ಸುದ್ದಿ ಓದಿದ ದಿನ ಚಂದಮ್ಮ ಅವ್ವನಿಗೆ ಹೇಳಿ ಸಿಹಿ ಮಾಡಿಸಿದಳು. ಯಾಕೆಂದು ಅವ್ವ ಗುಂಡಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ.

ಆ ಸಿಹಿ ಹತ್ತು ದಿನ ಕೂಡ ಬಾಳಲಿಲ್ಲ.

---

ಡಿಸೆಂಬರಿನ ಮೊದಲ ವಾರ. ಟಪಾಲಿನ ಚೀಲ ಸುರುವಿದಾಗ ಮೇಲೇ ಬಿತ್ತು ಒಂದು ಬಣ್ಣದ ಕಾರ್ಡು. ಹಿಂದೆ ಸಾಯಬಣ್ಣನ ಅಕ್ಷರ!

ಆದರೆ ಹೆಸರು ಚಂದಮ್ಮನದಲ್ಲ. ಬಾಬುಮಿಯಾನದು. ಅದೇ ಭಟ್ಟಿಯಲ್ಲಿ ದುಡಿಯುವ ಸಾಯಬಣ್ಣನ ಜೀವದ ಗೆಳೆಯ.

ಚಂದಮ್ಮ ಕಾರ್ಡನ್ನು ಬೋರಲು ಹಾಕಿದಳು. ಠಸ್ಸೆ ಎತ್ತಿಕೊಂಡಳು. ಕೆಳಗಿಟ್ಟಳು.

'ಮಂದಿ ಕಾರ್ಡ್ ಓದೋ ಚಟ ನಮ್ಮ ಮನಿತನಕ್ಕೇ ಇಲ್ಲ...'

ಠಸ್ಸೆ ಹೊಡೆಯಬೇಕಾದರೆ ಕಾರ್ಡು ಅಂಗಾತ ಮಾಡಲೇಬೇಕಲ್ಲ! ಮಾಡಿದಳು. ಕಣ್ಣು ಮುಚ್ಚಿಕೊಂಡೇ ಮಾಡಿದಳು. ಆದರೆ ಕಣ್ಣು ಮುಚ್ಚಿ ಎಷ್ಟು ಹೊತ್ತು ಕೂರಲಾದೀತು? ಎರಡೂವರೆ ವರ್ಷ ಕಾಪಾಡಿಕೊಂಡ ಮರ್ಯಾದೆ ಅರೆಗಳಿಗೆಯಲ್ಲಿ ಮಣ್ಣುಪಾಲಾಯಿತು.

'ದೋಸ್ತ ಬಾಬು, ಬ್ರೆಮೆನ್‌ನಿಂದ ಆಲ್ಬೋರ್ಗ್‌ಗೆ ವಿಮಾನದಾಗ ಒಂದು ತಾಸು ಹತ್ತು ನಿಮಿಷ ಅಂತ ಕಾರಿನ್ ತಿಳಿಸ್ಯಾಳ. ರೈಲಿಗೆ ಕಾಯೋ ತಾಳ್ಮಿ ನನಗಿಲ್ಲ. ಹ್ಯಾಂಗಾರ ಮಾಡಿ ಸೀಟು ಹಿಡಿದು ಕೊಡ್ತೀನಿ ಅಂದಾಳ. ಪುಣ್ಯಾತ್ಗಿತ್ತಿ! ಚಂದಾಗ ಮಾತ್ರ ಹೇಳಬ್ಯಾಡ. ಸಾಯಬಣ್ಣ.'

ಚಂದಮ್ಮ ಕೊನೆಯ ಮಾತನ್ನು ಇನ್ನೊಮ್ಮೆ ಓದಿದಳು.

ಚಂದಾಗ ಮಾತ್ರ ಹೇಳಬ್ಯಾಡ!

ಆ ಕಾರ್ಡಿನ ಮೇಲೆ ಠಸ್ಸೆ ಎಷ್ಟು ಜೋರಾಗಿ ಬಿತ್ತೆಂದರೆ 'ಕಾರಿನ್' ಎಂಬ ಹೆಸರು ಇದ್ದ ಜಾಗದಲ್ಲಿ ಈಗ ವಾಡಿ ಪೋಸ್ಟ್ ಆಫೀಸು ಕೂತಿತ್ತು.

ಕೇಳೋಣವೆಂದರೆ ಯಾರನ್ನು ಕೇಳುವುದು? ಬಾಬುಮಿಯಾನನ್ನೇ? 'ನಿಂಗ ಹ್ಯಾಂಗ ಗೊತ್ತಾತು ತಂಗೀ' ಅಂದರೆ? ಸಾಯಬಣ್ಣನಿಗೆ ಬರೆದು ಕೇಳೋಣವೆಂದರೆ ಅವನ ಮುಂದೆಯೇ ಹಾಕಿದ ಪಂಥ ನೆನಪಾಗುತ್ತಿತ್ತು. ಕಳ್ಳತನ ಮಾಡಿ ತಿಂದದ್ದು ಗಂಟಲಲ್ಲಿ ಸಿಕ್ಕರೆ ನೀರು ಕೊಡಿ ಎಂದು ಕೂಗಲೂ ಆಗುವುದಿಲ್ಲ ನೋಡಿ!

---

ಸಂಜೆ ಮೆಟ್ರಿಕ್ಕಿನ ಹಳೆಯ ಭೂಪಟದ ಪುಸ್ತಕ ಹಿಡಿದು ಜೈತುನ್ಬೀಯ ಮನೆಗೆ ಹೋದಳು. ಜೈತುನ್ಬೀ ಬಾಬುಮಿಯಾನ ಹೆಂಡತಿ, ಚಂದಮ್ಮನಿಗೆ ಅಕ್ಕನಿದ್ದಂತೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಅಕ್ಕಾ, ಒಂದು ಗೇಣು ದಾರ ಕೊಡು."

ಪುಸ್ತಕದಲ್ಲಿ ಯುರೋಪಿನ ಹಾಳೆ ತೆಗೆದು ಬ್ರೆಮೆನ್ ಹುಡುಕಿದಳು. ಆಲ್ಬೋರ್ಗ್ ಹುಡುಕಿದಳು. ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ದಾರ ಹಿಡಿದಳು. ಹೆಬ್ಬೆರಳಿನ ಅಗಲ!

ಹೆಬ್ಬೆರಳಿನ ಅಗಲ ಅಂದರೆ ಎಷ್ಟು ದೂರ? ಅದೇ ದಾರವನ್ನು ನಮ್ಮ ರಾಜ್ಯದ ಹಾಳೆಗೆ ಒಯ್ದು ವಾಡಿಯ ಮೇಲಿಟ್ಟಳು. ಇನ್ನೊಂದು ತುದಿ ಸರಿಯಾಗಿ ಚಿಂಚೋಳಿಯ ಮೇಲೆ ಬಂತು.

ಚಂದಮ್ಮನ ಮುಖ ಕೆಂಪಗಾಯಿತು.

"ಚಿಂಚೋಳಿ! ಅಕ್ಕಾ, ಬರೀ ಚಿಂಚೋಳಿಯಷ್ಟು ದೂರ!"

"ಏನದು? ಯಾರು ಹೊಂಟಾರ ಚಿಂಚೋಳಿಗೆ?"

"ಯಾರೂ ಇಲ್ಲ... ನಂಗ ಗೊತ್ತಿರೋ ಒಬ್ಬಾಕಿ ಇದ್ದಾಳ. ಆಕಿ ಮನಸು ಕೊಟ್ಟಾಂವ ಪರದೇಶದಾಗ ಇನ್ನೊಬ್ಬಾಕಿನ್ನ ನೋಡಾಕ ವಿಮಾನದಾಗ ಹೊಂಟಾನಂತ. ವಾಡಿಯಿಂದ ಚಿಂಚೋಳಿಯಷ್ಟು ದೂರಕ್ಕ ಯಾರಾದ್ರೂ ವಿಮಾನ ಹತ್ತತಾರೇನು? ಬಸ್ಸಿಗೆ ಕಾಯೋದೂ ಆಗಂಗಿಲ್ಲಂದ್ರ ಅಂವಗ ಎಷ್ಟು ಅವಸರ ಇರಬೇಕು!"

ಜೈತುನ್ಬೀ ಯಂತ್ರ ನಿಲ್ಲಿಸಿದಳು.

"ವಿಮಾನ ಎಷ್ಟು ಹೊತ್ತು ತಗೋತದಂತ?"

"ಒಂದು ತಾಸು ಹತ್ತು ನಿಮಿಷ."

"ಚಿಂಚೋಳಿಗೆ? ಒಂದು ಫಟಫಟಿನೇ ಹೆಚ್ಚುಕಮ್ಮಿ ಅಷ್ಟೊತ್ತಿನಾಗ ಹೋಗ್ತದಲ್ಲೇ! ಅದೆಂಥಾ ವಿಮಾನ?"

ಸರಿಯಾದ ಪ್ರಶ್ನೆ! ಅಲ್ಲೇ ಒಂದು ನಿಮಿಷ ಯೋಚಿಸಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಚಂದಮ್ಮ ರೈಲ್ವೆಯವನ ಮಗಳು, ಹುಟ್ಟಿ ಬೆಳೆದದ್ದು ವಾಡಿ ಜಂಕ್ಷನ್ನಿನಲ್ಲಿ. ಅವಳ ಬಳಿ ಉತ್ತರ ತಯಾರಿತ್ತು.

"ಪ್ಯಾಸೆಂಜರ್ ವಿಮಾನ ಇರಬೇಕಕ್ಕಾ. ಸಣ್ಣ ಸಣ್ಣ ಊರಿಗೆಲ್ಲ ಇಳಿದು ಹೋಗ್ತದ ಕಾಣ್ತದ."

ಜೈತುನ್ಬೀ ಅವಳ ಕಣ್ಣನ್ನೇ ನೋಡಿದಳು. ಆ 'ಗೊತ್ತಿರೋ ಒಬ್ಬಾಕಿ' ಯಾರೆಂದು ತಿಳಿಯದಷ್ಟು ದಡ್ಡಿಯಲ್ಲ ಅವಳು.

"ಪಗಲೀ, ಆಕಿಗೆ ಹೇಳು. ದಾರ ಹಿಡಿದು ಅರಿವಿ ಅಳೀಬಹುದು, ಗಂಡಸಿನ ಮನಸು ಅಳೀಲಿಕ್ಕೆ ಬರಂಗಿಲ್ಲ. ಬಾಯಿಬಿಟ್ಟು ಕೇಳು ಅಂತ ಹೇಳು."

ಬಾಯಿಬಿಟ್ಟು ಕೇಳುವಂತಿದ್ದರೆ ಆಗುತ್ತಿರಲಿಲ್ಲವೇ!

---

ಆ ರೋಷದಲ್ಲೇ ಮನೆಗೆ ಬಂದವಳು ಅಪ್ಪನೆದುರು ನಿಂತಳು.

"ಅಪ್ಪಾ, ಸೇಡಂನೋರಿಗೆ ಎಳ್ಳಮಾವಾಸಿಗೆ ಬರ್ರಿ ಅಂತ ಹೇಳಿಬಿಡ್ರಿ."

ಶರಣಬಸಪ್ಪ ಮಗಳನ್ನು ದಿಟ್ಟಿಸಿದ. "ಆ ಹುಡುಗಗ ಕೊಟ್ಟ ಟೈಮು ಇನ್ನೂ ಮುಗಿದಿಲ್ಲಲ್ಲವ್ವಾ?"

"ಅಂವ ಬರಂಗಿಲ್ರಿ. ಅಂವಗ ಬ್ಯಾರೆ ಕಡಿಗೆ ಹೋಗೋ ಅವಸರ ಅದ."

ಹೇಳಿದ ಮೇಲೆ ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಡಿಸೆಂಬರ್ ಕೊನೆಗೆ ಸಾಯಬಣ್ಣನಿಂದ ಒಂದು ಕಾಗದ ಬಂತು. ಒಡೆಯಲಿಲ್ಲ. ಹೊಸ ವರ್ಷದ ಮೊದಲ ವಾರ ಇನ್ನೊಂದು ಬಂತು. ಅದನ್ನೂ ಒಡೆಯಲಿಲ್ಲ. 'ಮತ್ತೆ ಆಕಿ ಹೆಸರೇ ಇರ್ತದ. ಈ ಸಲ ಎಷ್ಟು ಸಲ ಬರೆದಾನೋ!' ಎರಡನ್ನೂ ಭೂಪಟದ ಪುಸ್ತಕದಲ್ಲಿ, ಆ ದಾರದ ಜೊತೆಯಲ್ಲೇ ಇಟ್ಟಳು.

ಕನಸಿನಲ್ಲೂ ಒಂದೇ ನೋಟ. ಸಣ್ಣದೊಂದು ವಿಮಾನ ಊರೂರಿಗೆ ಇಳಿದು ಇಳಿದು ಹೋಗುವುದು. ಕೊನೆಯ ನಿಲ್ದಾಣದಲ್ಲಿ ಕೂದಲು ಬಿಚ್ಚಿದ ಅವಳು ಹಲ್ಲು ಬಿಟ್ಟು ನಿಂತಿರುವುದು.

---

ಎಳ್ಳಮಾವಾಸ್ಯೆ ಭಾನುವಾರ ಬಂತು.

ನಾಲವಾರದ ಹಾದಿಯಲ್ಲಿದ್ದ ಶರಣಬಸಪ್ಪನ ನಾಲ್ಕು ಎಕರೆ ಹೊಲದಲ್ಲಿ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಗುಂಡಮ್ಮ ಬುಟ್ಟಿ ತುಂಬ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ ತಂದಿದ್ದಳು. ಜೈತುನ್ಬೀಯೂ ಬಂದಿದ್ದಳು, ಬಾಬುಮಿಯಾ ಮಾತ್ರ ಬೆಳಿಗ್ಗೆಯೇ ಸೈಕಲ್ ಹತ್ತಿ ಎಲ್ಲೋ ಹೋಗಿದ್ದ.

ಸೇಡಂನಿಂದ ವರನ ತಾಯಿ ಗುರುಲಿಂಗಮ್ಮ ಬಂದು ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಉಡಿ ತುಂಬಲು ತಂದ ತೆಂಗಿನಕಾಯಿ, ಕುಪ್ಪಸದ ಖಣ ಮಗ್ಗುಲಲ್ಲೇ ಇದ್ದವು. ಊಟವಾದ ಮೇಲೆ ಅದು ಚಂದಮ್ಮನ ಸೆರಗಿಗೆ ಬಿತ್ತೆಂದರೆ ಮುಗಿಯಿತು, ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ.

ಚರಗ ಚೆಲ್ಲುವುದು ಮುಗಿಯುತ್ತ ಬಂದಿತ್ತು. ಚಂದಮ್ಮ ಯಾರಿಗೂ ಕಾಣದಂತೆ ಜೋಳದ ಸಾಲಿನೊಳಗೆ ನುಗ್ಗಿದಳು. ಕೈಯಲ್ಲಿ ಎರಡು ಕಾಗದ. ಹರಿದು ಚರಗದ ಹಾಗೆ ಚೆಲ್ಲಿಬಿಡಬೇಕು... ಇವತ್ತಿಗೆ ಎಲ್ಲ ಮುಗಿಯಬೇಕು...

ಯಾರೋ ಮುಂಗೈ ಹಿಡಿದರು. ಜೈತುನ್ಬೀ!

"ಒಡೆಯದ ಕಾಗದ ಹರೀತೀಯೇನು? ನೀ ಪೋಸ್ಟಿನಾಕಿ ಹೌದೋ ಅಲ್ಲೋ? ವಿಳಾಸದೋರಿಗೆ ಮುಟ್ಟಿಸದೇ ಕಾಗದ ಹರಿಯೋ ಕಾನೂನು ಯಾವ ಪೋಸ್ಟ್ ಆಫೀಸಿನಾಗ ಅದ?"

"ಇದು ನನ್ನ ಹೆಸರಿಗೇ ಬಂದದ್ದಕ್ಕಾ!"

"ಹೌದಲ್ಲ. ಹಂಗಾದ್ರ ಮೊದಲು ಮುಟ್ಟಿಸು. ಓದು. ಆಮ್ಯಾಲೆ ಬೇಕಾದ್ರ ನುಂಗು."

ಚಂದಮ್ಮ ಮೊದಲನೆಯದನ್ನು ಒಡೆದಳು.

'ಚಂದಾ, ಇಲ್ಲಿ ಟ್ರೇನಿಂಗ್ ಎಂಟು ದಿನ ಉದ್ದ ಆತು. ನನ್ನ ವಾಪಸ್ ಟಿಕೀಟು ಆಲ್ಬೋರ್ಗ್ ಆಫೀಸಿನಾಗ ಅದ. ಇಲ್ಲಿ ಕೆಲಸ ಮುಗಿಯೋದು ಮಧ್ಯಾಹ್ನ, ಅಲ್ಲಿಂದ ನಮ್ಮ ಕಡಿಗೆ ಹೊರಡೋದು ಅದೇ ದಿನ ಸಂಜೀಕ. ರೈಲಿನಾಗ ಹೊಂಟ್ರ ಗಾಡಿ ಬದಲಾಯಿಸಿ ಬದಲಾಯಿಸಿ ಇಡೀ ಹಗಲು ಬೇಕು. ಸಣ್ಣ ದೂರಲ್ಲ ಚಂದಾ, ನೆಟ್ಟಗ ಅಳತಿ ಹಿಡಿದ್ರೂ ನಾಕುನೂರ ಐವತ್ತು ಕಿಲೋಮೀಟರು. ವಾಡ್ಯಾಗ ಮೇಲ್ ಹತ್ತಿ ಪುಣೆ ದಾಟಿದಂಗ. ಆ ಸಂಜಿ ವಿಮಾನ ತಪ್ಪಿದ್ರ ಮುಂದಿನ ಟಿಕೀಟು ವಾರದ ಮ್ಯಾಲೆ. ಅಷ್ಟೊತ್ತಿಗೆ ನಿಮ್ಮ ಅಪ್ಪ ಎಲಿ ಎತ್ತಿ, ನಿನ್ನ ಸೇಡಂಗೆ ಕೊಟ್ಟಿರ್ತಾರ.

ಕಂಪನಿ ದೊಡ್ಡ ಸಾಹೇಬ್ರು ಓಡಾಡೋ ಸಣ್ಣ ವಿಮಾನ ಒಂದದ. ಒಂದು ತಾಸು ಹತ್ತು ನಿಮಿಷಕ್ಕ ಮುಟ್ಟತದ. ಅದರಾಗ ನನ್ನಂಥ ಮಿಸ್ತ್ರಿಗೆ ಸೀಟು ಕೊಡಂಗಿಲ್ಲ. ಕಾರಿನ್ ಕಂಡಕಂಡೋರ ಕಾಲು ಹಿಡಿಲಿಕತ್ತಾಳ. ಸಿಗ್ತದೋ ಇಲ್ಲೋ ಗೊತ್ತಿಲ್ಲದೇ ನಿಂಗ ಆಸಿ ತೋರಿಸಬಾರದಂತ ಸುಮ್ಮಿದ್ದೆ. ಬಾಬುಗೂ ಹೇಳಬ್ಯಾಡ ಅಂದಿದ್ದೆ. ಆದ್ರ ನಿಂಗ ಹೇಳದೇ ನಂಗ ನಿದ್ದಿ ಹತ್ತವಲ್ದು...'

ಎರಡನೆಯದರಲ್ಲಿ ಎರಡೇ ಸಾಲು.

'ಸೀಟು ಸಿಕ್ತು! ಎಳ್ಳಮಾವಾಸಿ ದಿನ ಮೇಲ್ ಇಳಿದು ನೆಟ್ಟಗ ಹೊಲಕ್ಕೇ ಬರ್ತೀನಿ. ನಂಗ ಎರಡು ಕಡುಬು ತೆಗೆದಿಡು.'

ಚಂದಮ್ಮ ಜೋಳದ ಸಾಲಿನಲ್ಲೇ ಹಣೆ ಬಡಿದುಕೊಂಡಳು.

'ಮಂದಿಗೆ ಬಂದ ಕಾರ್ಡ್ ಓದಿದೆ... ನನಗ ಬಂದ ಕಾಗದ ಓದಲಿಲ್ಲ!'

ಸಾಲು ದಾಟಿ ಓಡಿದಳು. ಮುಂಗೈಗೆ ಜೋಳದ ಗರಿ ತರಚಿದ್ದು ಕೂಡ ತಿಳಿಯಲಿಲ್ಲ.

"ಅಪ್ಪಾ! ಎಲಿ ಹಾಕಬ್ಯಾಡ್ರಿ! ಅಂವ ಬರಲಿಕತ್ತಾನ!"

ಎಲ್ಲರೂ ತಿರುಗಿ ನೋಡಿದರು. ಶರಣಬಸಪ್ಪನ ಕೈಯಲ್ಲಿ ಗಡಿಯಾರವಿತ್ತು.

"ಬರಂಗಿಲ್ಲ ಅಂತ ನೀನೇ ಹೇಳಿದ್ದಿ?"

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ನಾ ಬಾಬಣ್ಣಗ ಬಂದ ಕಾರ್ಡ್ ಕದ್ದು ಓದಿದೆನ್ರಿ. ಅರ್ಧ ತಿಳಕೊಂಡು ಹೊಟ್ಟಿಕಿಚ್ಚು ಪಟ್ಟೆ. ಅಂವ ತಪ್ಪು ಮಾಡಿಲ್ಲ. ತಪ್ಪು ನಂದು... ಎಲ್ಲಾ ನಂದು."

ಗುಂಡಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಶರಣಬಸಪ್ಪನ ಮುಖ ಗಟ್ಟಿಯಾಯಿತು.

"ಟೈಮ್ ಅಂದ್ರ ಟೈಮು. ಯಾರ ಸಲುವಾಗಿಯೂ ನಿಂದ್ರಂಗಿಲ್ಲ. ಕರೆದೋರನ್ನ ಹಸಿದು ಕುಂದ್ರಸಲಿಕ್ಕೂ ಬರಂಗಿಲ್ಲ. ಎಲಿ ಹಾಕ್ರಿ."

ಜೈತುನ್ಬೀ ತಾನೇ ಹಾಕುತ್ತೇನೆಂದು ಎದ್ದಳು. ಒಂದೊಂದು ಮುತ್ತುಗದ ಎಲೆಯನ್ನೂ ಎರಡೆರಡು ಸಲ ತೊಳೆದಳು. ಒರೆಸಿದಳು. ಬಿಸಿಲಿಗೆ ಹಿಡಿದು ತೂತು ನೋಡಿದಳು. ಒಂದನ್ನು ತೂತಿದೆಯೆಂದು ವಾಪಸ್ಸು ಇಟ್ಟಳು. ಆದರೂ ಎಷ್ಟು ಹೊತ್ತು ಎಳೆದಾಳು! ಕೊನೆಯ ಎಲೆಯೂ ಬಿತ್ತು. ಗುಂಡಮ್ಮ ಕಣ್ಣೊರೆಸಿಕೊಂಡು ಕಡುಬಿನ ಬುಟ್ಟಿಗೆ ಕೈ ಹಾಕಿದಳು.

ಟ್ರಿಣ್... ಟ್ರಿಣ್... ಟ್ರಿಣ್!

ಏರಿಯ ಮೇಲೆ ಸೈಕಲ್ಲು! ತುಳಿಯುತ್ತಿದ್ದವನು ಬೆವರಿನಲ್ಲಿ ತೊಯ್ದ ಬಾಬುಮಿಯಾ. ಹಿಂದೆ, ತೊಡೆಯ ಮೇಲೆ ಸೂಟ್‌ಕೇಸು ಇಟ್ಟುಕೊಂಡು, ಸುಡು ಬಿಸಿಲಲ್ಲಿ ಉಲ್ಲನ್ ಕೋಟು ಹಾಕಿಕೊಂಡ ಸಾಯಬಣ್ಣ!

"ಮಾವಾ! ಬಂದೆ! ಗಾಡಿ ಒಂದು ತಾಸು ಲೇಟ್ರಿ, ನಂದೇನೂ ತಪ್ಪಿಲ್ಲ!"

ಶರಣಬಸಪ್ಪ ಗಡಿಯಾರ ನೋಡಿದ. ಎಲೆ ನೋಡಿದ. ಮಗಳ ಮುಖ ನೋಡಿದ.

"ಎಲಿ ಬಿದ್ದದ. ಇನ್ನೂ ಬಡಿಸಿಲ್ಲ." ಗಡಿಯಾರ ಟಪ್ಪೆಂದು ಮುಚ್ಚಿತು. "ರೈಟ್ ಟೈಮ್."

ಚಂದಮ್ಮ ನೇರ ಗುರುಲಿಂಗಮ್ಮನ ಮುಂದೆ ಹೋಗಿ ಕೈ ಮುಗಿದಳು. "ಅವ್ವಾ, ನಿಮ್ಮನ್ನ ಇಷ್ಟು ದೂರ ಕರೆಸಿದ್ದು ನನ್ನ ಹುಚ್ಚು ಸಿಟ್ಟು. ನೀವು ಬೈದ್ರೂ ತಪ್ಪಿಲ್ಲ."

ಗುರುಲಿಂಗಮ್ಮ ಉಡಿಯ ಸಾಮಾನನ್ನು ಬಿರಬಿರನೆ ಗಂಟು ಕಟ್ಟಿದಳು.

"ಬೈಯೋದೇನದ? ಇಂಥಾ ಹೊಟ್ಟಿಕಿಚ್ಚಿನ ಸೊಸಿ ಬಂದಿದ್ರ ನನ್ನ ಮಗ ಸೇಡಂ ಬಸ್‌ಸ್ಟ್ಯಾಂಡ್ ತನಕ ಹೋಗೋದೂ ಬಂದ್ ಆಗ್ತಿತ್ತು! ಶಿವನೇ ಉಳಿಸ್ದ." ಎಂದವಳು ಎಲೆಯನ್ನು ಮಾತ್ರ ತನ್ನತ್ತ ಎಳೆದುಕೊಂಡಳು. "ಬಡಸು ಗುಂಡಮ್ಮಾ. ಹೊಲಕ್ಕ ಬಂದು ಹಸಿದು ಹೋಗಬಾರದು."

---

ಊಟ ಮುಗಿದು ದೊಡ್ಡವರೆಲ್ಲ ನೆರಳಿಗೆ ಹೋದ ಮೇಲೆ ಇಬ್ಬರೂ ಏರಿಯ ಮೇಲೆ ಕೂತರು. ಚಂದಮ್ಮ ಎಲ್ಲವನ್ನೂ ಹೇಳಿದಳು. ಕಾರ್ಡು, ದಾರ, ಚಿಂಚೋಳಿ, ಪ್ಯಾಸೆಂಜರ್ ವಿಮಾನ...

ಪ್ಯಾಸೆಂಜರ್ ವಿಮಾನಕ್ಕೆ ಸಾಯಬಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಉಳಿದಿದ್ದ ಎರಡು ರೊಟ್ಟಿ ತೆಗೆದು ಪಕ್ಕಪಕ್ಕ ಇಟ್ಟ.

"ನೋಡು. ನಿನ್ನ ಭೂಪಟದ ಪುಸ್ತಕದಾಗ ನಮ್ಮ ರಾಜ್ಯನ ಒಂದು ರೊಟ್ಟಿ ಮಾಡ್ಯಾರ. ಇಡೀ ಯುರೋಪನ್ನೂ ಹಿಟ್ಟು ಮುದ್ದಿ ಮಾಡಿ ಇಷ್ಟೇ ಅಗಲದ ರೊಟ್ಟಿ ಬಡಿದಾರ. ಅದರಾಗಿನ ಹೆಬ್ಬೆರಳು, ಇದರಾಗಿನ ಹೆಬ್ಬೆರಳು ಒಂದೇ ಹ್ಯಾಂಗ ಆಗ್ತದ?"

ಚಂದಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು. "ಸಿಟ್ಟು ಬಂದಿಲ್ಲೇನ್ರಿ?"

"ಬಂದದ. ಕಾರ್ಡ್ ಓದಿದ್ದಕ್ಕಲ್ಲ. ನನ್ನ ಕಾಗದ ಒಡೆಯದೇ ಸೇಡಂನೋರಿಗೆ ಕಡುಬು ಮಾಡಿದ್ದಕ್ಕ." ಅವನ ದನಿ ಒಮ್ಮೆಲೇ ಸಣ್ಣಗಾಯಿತು. "ಆ ಹುಡುಗ... ನೋಡಲಿಕ್ಕೆ ಚೆಂದ ಇದ್ದಾನೇನು?"

ಅಯ್ಯೋ! ಇವನಿಗೂ! ಚಂದಮ್ಮನ ತುಟಿಯಂಚಿನಲ್ಲಿ ಬಹಳ ದಿನದ ಮೇಲೆ ನಗು ಬಂತು.

"ನೋಡಿಲ್ರಿ. ನೋಡೋ ಮನಸೂ ಬರಲಿಲ್ಲ." ಆಮೇಲೆ ತಾನೇ ಕೇಳಿದಳು. "ಕಾರಿನ್?"

"ಭಾಳ ಚೆಂದ."

ಚಂದಮ್ಮ ರೊಟ್ಟಿಯ ಚೂರು ಅವನ ಮುಖಕ್ಕೆ ಎಸೆದಳು. ಅವನು ಹಿಡಿದು ತಿಂದ.

"ವಾಪಸ್ ಟಿಕೀಟು ಕೊಡೋ ಮುಂದ ಆಕಿ ಕೇಳಿದ್ಳು. 'ಒಂದೇ ವಾರ ಅಲ್ಲೇನು, ಇಷ್ಟ್ಯಾಕ ಒದ್ದಾಡಾಕತ್ತೀದಿ? ಯಾರ ಸಲುವಾಗಿ?' ಅಂತ."

"ನೀವೇನಂದ್ರಿ?"

"ನಮ್ಮ ಊರಾಗ ಕಾರ್ಡ್ ಓದದ ಹುಡುಗಿ ಒಬ್ಬಾಕಿ ಇದ್ದಾಳ, ಆಕಿ ಸಲುವಾಗಿ ಅಂದೆ."

ಚಂದಮ್ಮನ ಕಣ್ಣು ತುಂಬಿ ಬಂತು. "ಅದು ಸುಳ್ಳಾತಲ್ರಿ..."

"ಹೌದಲ್ಲ! ಪಾಪ, ನಂಬಿ ಕುಂತಾಳ. ಸುಳ್ಳಾತು ಅಂತ ಆಕಿಗೆ ಒಂದು ಕಾರ್ಡ್ ಬರೀಬೇಕು."

"ಬರೀರಿ ನೋಡೂಣು!" ಚಂದಮ್ಮ ಅಳುತ್ತಲೇ ಕಣ್ಣು ಕೆಂಪಗೆ ಮಾಡಿದಳು. "ಆ ಕಾರ್ಡಿಗೆ ಠಸ್ಸೆ ಹೊಡಿಯಾಕಿ ನಾನೇ. ಪೂರಾ ಓದೇ ಹೊಡಿತೀನಿ!"

ಸಾಯಬಣ್ಣ ಅವಳ ಶಾಯಿ ಹತ್ತಿದ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ.

"ಓದು ಚಂದಾ. ನೀ ಓದಬೇಕಂತಲೇ ಬರೀತೀನಿ."